ನಾಲ್ಕು ತೂತು, ಒಂದು ನಾಳ

ಪಿತ್ತಕೋಶದಲ್ಲಿ ಕಲ್ಲಾಗಿ ನರಳುವವರಿಗೆ ಕೀಹೋಲ್ ಆಪರೇಷನ್ನಿಂದ ಆದ ಉಪಕಾರ ದೊಡ್ಡದು; ಅದರಲ್ಲಿ ಎರಡು ಮಾತಿಲ್ಲ. ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ 1882ರಲ್ಲಿ ಹೊಟ್ಟೆ ಕೊಯ್ದು ಪಿತ್ತಕೋಶ ತೆಗೆದ ಮೇಲೆ ನೂರು ವರ್ಷ ಅದೇ ದಾರಿ ನಡೆಯಿತು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ತೂತಿನ ಮೂಲಕ ತೆಗೆದಾಗ ಅಲ್ಲಿನ ಹಿರಿಯ ಸರ್ಜನ್ನರು ಮೂಗು ಮುರಿದರು. 1990ರ ಹೊತ್ತಿಗೆ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ತೆಹೆಮ್ಟನ್ ಉದ್ವಾಡಿಯಾ ಇದನ್ನು ಮಾಡಿ ತೋರಿಸಿದ್ದರು. ಈಗಂತೂ ಇವತ್ತು ಆಪರೇಷನ್, ನಾಳೆ ಮನೆ.

ಒಂದು ಲೆಕ್ಕದಲ್ಲಿ ಮಾತ್ರ ಹಳೆಯದೇ ವಾಸಿಯಾಗಿತ್ತು. ಮುಖ್ಯ ಪಿತ್ತನಾಳಕ್ಕೆ ಪೆಟ್ಟಾಗುವುದು ತೆರೆದ ಆಪರೇಷನ್ನಿನಲ್ಲಿ ಸಾವಿರಕ್ಕೆ ಒಬ್ಬಿಬ್ಬರಿಗೆ. ಕೀಹೋಲ್ ಬಂದ ಮೊದಲ ವರ್ಷಗಳಲ್ಲಿ ಸಾವಿರಕ್ಕೆ ಐವರ ಆಸುಪಾಸು. ಆಮೇಲೆ ಇಳಿದಿದೆ, ನಿಂತಿಲ್ಲ. ಅಮೆರಿಕದ ಲಾರೆನ್ಸ್ ವೇ ಮತ್ತು ಸಂಗಡಿಗರು ಇಂಥ 252 ಪ್ರಕರಣಗಳನ್ನು ಕೆದಕಿ 2003ರಲ್ಲಿ ಹೇಳಿದ್ದು ಬೆಚ್ಚಿಬೀಳಿಸುತ್ತದೆ: ಶೇ. 97ರಲ್ಲಿ ಮೂಲ ಕಾರಣ ಕಣ್ಣು ಮೋಸಹೋದದ್ದು. ಪಿತ್ತಕೋಶವನ್ನು ಎಳೆದು ಹಿಡಿದಾಗ ಅದರ ಸಣ್ಣ ನಾಳವೂ ಮುಖ್ಯ ನಾಳವೂ ಒಂದೇ ಸಾಲಿಗೆ ಬರುತ್ತವೆ. ಸರ್ಜನ್ ದೊಡ್ಡದನ್ನೇ ಸಣ್ಣದೆಂದುಕೊಂಡು ಕ್ಲಿಪ್ ಹಾಕಿ ಕತ್ತರಿಸುತ್ತಾರೆ, ಅನುಮಾನವೇ ಹುಟ್ಟದೆ. ಎಷ್ಟೋ ಸಲ ಗೊತ್ತಾಗುವುದು ರೋಗಿಯ ಹೊಟ್ಟೆ ಉಬ್ಬಿ ಕಣ್ಣು ಹಳದಿಯಾದಾಗ. ಆಮೇಲೆ ಕರುಳನ್ನೇ ತಂದು ನಾಳಕ್ಕೆ ಹೊಲಿಯಬೇಕು.

ಇದಕ್ಕೆ ಸ್ಟೀವನ್ ಸ್ಟ್ರಾಸ್‌ಬರ್ಗ್ 1995ರಲ್ಲಿ ಕೊಟ್ಟ ಮದ್ದು ಸರಳ: ಕೊಬ್ಬು ಬಿಡಿಸಿ, ಪಿತ್ತಕೋಶದ ಬುಡವನ್ನು ಯಕೃತ್ತಿನಿಂದ ಮೇಲೆತ್ತಿ, ಅದರೊಳಗೆ ಹೋಗುವುದು ಆ ಸಣ್ಣ ನಾಳ, ಒಂದು ರಕ್ತನಾಳ ಎರಡೇ ಎಂದು ಕಣ್ಣಾರೆ ಕಂಡ ಮೇಲಷ್ಟೇ ಕತ್ತರಿ. ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ ಪಿತ್ತಕೋಶದ ಒಂದಂಶ ಬಿಟ್ಟು ಬರಬಹುದು, ಇಲ್ಲವೇ ಹೊಟ್ಟೆ ತೆರೆಯಬಹುದು. ನನ್ನ ತಕರಾರು ಇಲ್ಲಿದೆ. ಹೊಟ್ಟೆ ತೆರೆದರೆಂದರೆ ಮನೆಯವರ ಬಾಯಲ್ಲಿ ‘ಕೇಸು ಕೆಟ್ಟಿತು’. ಗಾಯದ ಅಳತೆ, ಮನೆಗೆ ಕಳಿಸುವ ದಿನ ಇವನ್ನೇ ಬೋರ್ಡಿಗೆ ಹಾಕುವ ಆಸ್ಪತ್ರೆಗಳೂ ಆ ಮಾತಿಗೆ ತುಪ್ಪ ಸುರಿಯುತ್ತವೆ. ಹಿಂಜರಿದ ಸರ್ಜನ್ನನೇ ಒಳ್ಳೆಯ ಸರ್ಜನ್ ಎಂದು ಯಾರೂ ಹೊಗಳುವುದಿಲ್ಲ.

ತೂತು ಸಣ್ಣದಾದದ್ದರಿಂದ ಆಪರೇಷನ್ನಿಗೆ ಒಪ್ಪುವುದೂ ಸಲೀಸಾಗಿದೆ. ಬೇರಾವುದಕ್ಕೋ ಸ್ಕ್ಯಾನಿಂಗ್ ಮಾಡಿಸಿದಾಗ ಕಂಡ, ನೋವಿಲ್ಲದ ಕಲ್ಲಿಗೆ ಸಾಮಾನ್ಯವಾಗಿ ಕತ್ತರಿ ಬೇಕಿಲ್ಲ. ಗ್ಯಾಸು, ಹುಳಿತೇಗನ್ನೆಲ್ಲ ಕಲ್ಲಿನ ತಲೆಗೆ ಕಟ್ಟಿ ಪಿತ್ತಕೋಶ ತೆಗೆಸಿಕೊಂಡವರಲ್ಲಿ ಅನೇಕರು ಆಮೇಲೂ ತೇಗುತ್ತಲೇ ಇರುತ್ತಾರೆ.