ಅಂಗಿ ಅಸಲಿ, ಕಾರಣ ನಕಲಿ

ಡೇವಿಡ್ ಫಿಂಚರ್ ನಿರ್ದೇಶನದ ‘ದಿ ಸೋಷಿಯಲ್ ನೆಟ್‌ವರ್ಕ್’ 2010ರಲ್ಲಿ ತೆರೆಗೆ ಬಂದಾಗ ಮಾರ್ಕ್ ಜುಕರ್‌ಬರ್ಗ್ ಅದಕ್ಕೆ ಕೊಟ್ಟ ಪ್ರಮಾಣಪತ್ರ ಒಂದೇ: ಬಟ್ಟೆಬರೆ ಸರಿಯಾಗಿದೆ. ತೆರೆಯ ಮೇಲೆ ತಮ್ಮ ಪಾತ್ರಧಾರಿ ತೊಟ್ಟ ಅಂಗಿಗಳೆಲ್ಲ ತಮ್ಮ ಬಳಿ ಇರುವಂಥವೇ ಎಂದು ಅವರು ಸ್ಟ್ಯಾನ್‌ಫರ್ಡ್‌ನಲ್ಲಿ ಸಭಿಕರ ಮುಂದೆ ಹೇಳಿದರು. ಮಿಕ್ಕಿದ್ದು? ಫೇಸ್‌ಬುಕ್ ಹುಟ್ಟಿದ್ದೇ ಹೀಗೆ ಎಂದು ಬಹಳ ಮಂದಿ ನಂಬಿರುವ ಈ ಚಿತ್ರವನ್ನು ಅಳೆಯಬೇಕಾದದ್ದು ಆ ಮಿಕ್ಕಿದ್ದರಲ್ಲಿ.

ಹಾಗೆಂದು ಇದು ಸುಳ್ಳಿನ ಕಂತೆಯಲ್ಲ. 2003ರ ಅಕ್ಟೋಬರ್‌ನಲ್ಲಿ ಹಾರ್ವರ್ಡ್ ಹಾಸ್ಟೆಲ್‌ಗಳ ಜಾಲತಾಣಗಳಿಂದ ವಿದ್ಯಾರ್ಥಿಗಳ ಫೋಟೊ ಎಳೆದು ಯಾರು ಹೆಚ್ಚು ಚೆಂದವೆಂದು ಹೋಲಿಸುವ ‘ಫೇಸ್‌ಮ್ಯಾಶ್’ ತಾಣ ಕಟ್ಟುವ ದೃಶ್ಯದಲ್ಲಿ ನಾಯಕ ಒಂದೇ ಉಸಿರಿಗೆ ಆಡುವ ತಾಂತ್ರಿಕ ಮಾತುಗಳು ಬಹುಪಾಲು ಜುಕರ್‌ಬರ್ಗ್ ಆಗ ಬ್ಲಾಗಿನಲ್ಲಿ ಬರೆದುಕೊಂಡಿದ್ದವೇ. ಕಂಪ್ಯೂಟರ್ ಎಂದರೆ ಹಸಿರು ಅಕ್ಷರ ಸುರಿಯುವ ಪರದೆ ಎಂದುಕೊಂಡಿದ್ದ ಹಾಲಿವುಡ್‌ಗೆ ಇದೇ ದೊಡ್ಡ ಸುಧಾರಣೆ. ಜುಕರ್‌ಬರ್ಗ್ ತಮ್ಮ ಕಲ್ಪನೆ ಕದ್ದರೆಂದು ಆರೋಪಿಸಿದ ವಿಂಕಲ್‌ವಾಸ್ ಅವಳಿ ಸೋದರರು ಹಾರ್ವರ್ಡ್ ಅಧ್ಯಕ್ಷ ಲ್ಯಾರಿ ಸಮರ್ಸ್ ಬಳಿ ದೂರು ಹೊತ್ತು ಹೋಗಿ ಪೆಚ್ಚಾಗಿ ಬಂದದ್ದೂ ನಡೆದದ್ದೇ.

ಎಡವಟ್ಟಾಗಿರುವುದು ಕಾರಣ ಹೇಳುವಲ್ಲಿ. ಮೊದಲ ದೃಶ್ಯದಲ್ಲಿ ಎರಿಕಾ ಎಂಬ ಹುಡುಗಿ ನಾಯಕನನ್ನು ತೊರೆದು ಎದ್ದು ಹೋಗುತ್ತಾಳೆ. ಕೊನೆಯಲ್ಲಿ ಅವನು ಅವಳಿಗೇ ಫ್ರೆಂಡ್ ರಿಕ್ವೆಸ್ಟ್ ಕಳಿಸಿ, ಪುಟವನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡುತ್ತ ಕೂರುತ್ತಾನೆ. ನಡುವೆ ಕಟ್ಟಿದ್ದೆಲ್ಲ ಆ ಅವಮಾನದ ಫಲ! ಎರಿಕಾ ಕಲ್ಪಿತ ಪಾತ್ರ. ಫೇಸ್‌ಮ್ಯಾಶ್ ಕಾಲದ ಬ್ಲಾಗಿನಲ್ಲಿ ಒಬ್ಬ ಹುಡುಗಿಯ ಮೇಲಿನ ಸಿಟ್ಟು ಇತ್ತು, ನಿಜ. ಆದರೆ ಫೇಸ್‌ಮ್ಯಾಶ್ ಹಗರಣದಿಂದ ಜುಕರ್‌ಬರ್ಗ್ ಕಾಲೇಜಿನಿಂದ ಹೊರಬೀಳುವುದು ಖಚಿತವೆಂದು ಗೆಳೆಯರು ಬೀಳ್ಕೊಡುಗೆ ಪಾರ್ಟಿ ಇಟ್ಟುಕೊಂಡಾಗ, ಅಲ್ಲೇ ಶೌಚಾಲಯದ ಸಾಲಿನಲ್ಲಿ ಅವರಿಗೆ ಪ್ರಿಸಿಲ್ಲಾ ಚಾನ್ ಸಿಕ್ಕರು. ಅಂದರೆ 2004ರ ಫೆಬ್ರುವರಿ 4ರಂದು ಫೇಸ್‌ಬುಕ್ ಶುರುವಾಗುವ ಮೊದಲೇ. ಮುಂದೆ 2012ರಲ್ಲಿ ಅವರು ಮದುವೆಯಾದದ್ದೂ ಆಕೆಯನ್ನೇ. ಚಿತ್ರದಲ್ಲಿ ಪ್ರಿಸಿಲ್ಲಾಗೆ ಜಾಗವಿಲ್ಲ. ಆಕೆ ಬಂದರೆ ಎರಿಕಾ ಕಥೆ ನಿಲ್ಲುವುದಿಲ್ಲ.

ಮೂಲವನ್ನು ನೋಡಿದರೆ ಈ ವಾಲುವಿಕೆ ಅರ್ಥವಾಗುತ್ತದೆ. ಚಿತ್ರಕ್ಕೆ ಆಧಾರ ಬೆನ್ ಮೆಜ್ರಿಕ್ ಪುಸ್ತಕ. ಅದಕ್ಕೆ ಮುಖ್ಯವಾಗಿ ಮಾಹಿತಿ ಕೊಟ್ಟವರು ಜಗಳವಾಡಿ ಹೊರಬಂದ ಸಹಸಂಸ್ಥಾಪಕ ಎಡುವಾರ್ಡೊ ಸವೆರಿನ್. ಜುಕರ್‌ಬರ್ಗ್ ಮಾತಾಡಲು ಒಪ್ಪಲಿಲ್ಲ. ತೆರೆಯ ಮೇಲೆ ಸವೆರಿನ್ ಪಾಲು ಶೇ 0.03ಕ್ಕೆ ಇಳಿಯುತ್ತದೆ. ಪಾಲು ಕುಗ್ಗಿಸಿದ್ದು ಹೌದು, ಆದರೆ ಮೊಕದ್ದಮೆ ರಾಜಿಯಾದ ನಂತರ ಉಳಿದದ್ದೇ ಅವರನ್ನು ಶತಕೋಟಿ ಡಾಲರ್‌ಗಳ ಒಡೆಯನನ್ನಾಗಿಸಿತು. ಇತ್ತ, ಫೇಸ್‌ಬುಕ್ಕನ್ನು ಒಂದೊಂದೇ ಕಾಲೇಜಿಗೆ ಹಬ್ಬಿಸಲು ದುಡಿದ ಡಸ್ಟಿನ್ ಮಾಸ್ಕೊವಿಟ್ಜ್ ಹಿನ್ನೆಲೆಯಲ್ಲಿ ಓಡಾಡುವ ಹುಡುಗನಾಗಿಬಿಟ್ಟಿದ್ದಾರೆ. ದುಡಿಮೆಗಿಂತ ದ್ರೋಹವೇ ತೆರೆಗೆ ಪ್ರಿಯ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಫೇಸ್‌ಮ್ಯಾಶ್ ಪ್ರಕರಣದಲ್ಲಿ ಹಾರ್ವರ್ಡ್ ಹೊರಿಸಿದ ಆರೋಪಗಳಲ್ಲಿ ಖಾಸಗಿತನದ ಉಲ್ಲಂಘನೆಯೂ ಇತ್ತು. ಚಿತ್ರ ಅದನ್ನು ತುಂಟ ಪ್ರತಿಭೆಯ ಪ್ರದರ್ಶನವೆಂಬಂತೆ ದಾಟಿಬಿಡುತ್ತದೆ. ಚಿತ್ರ ಬಿಡುಗಡೆಯಾದ ವರ್ಷವೇ ಜುಕರ್‌ಬರ್ಗ್ ವಿದ್ಯಾರ್ಥಿಯಾಗಿದ್ದಾಗಿನ ಸಂದೇಶಗಳು ಹೊರಬಂದವು: ತನ್ನ ಬಳಿ 4,000ಕ್ಕೂ ಹೆಚ್ಚು ಇಮೇಲ್, ಫೋಟೊ, ವಿಳಾಸಗಳಿವೆ ಎಂದು ಗೆಳೆಯನಿಗೆ ಕೊಚ್ಚಿಕೊಂಡು, ನಂಬಿ ಕೊಟ್ಟವರನ್ನೇ ಹಳಿದ ಸಂದೇಶಗಳು. ಆಮೇಲೆ ಅವರು ವಿಷಾದಿಸಿದರು. ಚಿತ್ರೀಕರಣದ ವೇಳೆಗೆ ಈ ಸಂದೇಶ ಸಿಗದಿದ್ದರೆ ಅದು ಫಿಂಚರ್ ತಪ್ಪಲ್ಲ. ಆದರೆ ಆರೋಪ ಕೈಯಲ್ಲೇ ಇತ್ತು. ಅದರ ಬದಲು ಅವರು ಆರಿಸಿಕೊಂಡದ್ದು ಹುಡುಗಿಯನ್ನು. ಕಟ್ಟಿದ ಕಾರಣ ನಿಜವಾದದ್ದಕ್ಕಿಂತ ಮೃದುವಾಗಿದೆ.

ತಮ್ಮ ನಿಷ್ಠೆ ಸತ್ಯಕ್ಕಲ್ಲ, ಕಥೆಗೆ ಎಂದು ಚಿತ್ರಕಥೆಗಾರ ಆರನ್ ಸೊರ್ಕಿನ್ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅವರಿಗೆ ಸಿಕ್ಕ ಆಸ್ಕರ್ ನ್ಯಾಯವಾದದ್ದೇ. ನಾಟಕವಾಗಿ ಇದು ಅಪ್ಪಟ ಚಿನ್ನ. ಫೇಸ್‌ಬುಕ್ ಹೇಗೆ ಬೆಳೆಯಿತೆಂದು ತಿಳಿಯಬೇಕಾದವರು ಮಾತ್ರ ಡೇವಿಡ್ ಕಿರ್ಕ್‌ಪ್ಯಾಟ್ರಿಕ್‌ರ ‘ದಿ ಫೇಸ್‌ಬುಕ್ ಎಫೆಕ್ಟ್’ ಓದಬೇಕು. ಅದು ಕಂಪನಿಯ ಸಹಕಾರದಿಂದ ಬರೆದ ಪುಸ್ತಕ ಎಂಬುದನ್ನೂ ಗಮನದಲ್ಲಿಟ್ಟುಕೊಂಡೇ ಓದಿ.