ನಿಲ್ಲಬೇಡಿ, ನಡೆಯಿರಿ

ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನ ಪ್ಲಾಸಾ ದೆ ಮಾಯೊ ಚೌಕದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕಟ್ಟಡಗಳಿಂದ ಶುರುಮಾಡುತ್ತಾರೆ. ಒಂದು ತುದಿಗೆ ಅಧ್ಯಕ್ಷರ ಗುಲಾಬಿ ಬಣ್ಣದ ಕಚೇರಿ ಕಾಸಾ ರೊಸಾದಾ, ಇನ್ನೊಂದು ತುದಿಗೆ ವಸಾಹತು ಕಾಲದ ಪುರಭವನ ಕಾಬಿಲ್ದೊ, ನಡುವೆ 1810ರ ಮೇ ಕ್ರಾಂತಿಯ ಸ್ಮಾರಕ ಸ್ತಂಭ. ಕಲ್ಲುಗಳ ಮಾತನ್ನು ಅಷ್ಟೊಂದು ನಂಬಬಾರದು. ಕಾಬಿಲ್ದೊಗೆ ಮೊದಲು 11 ಕಮಾನುಗಳಿದ್ದವು. ರಸ್ತೆಗಳಿಗೆ ಜಾಗ ಬೇಕೆಂದು ಕೆಡವುತ್ತಾ ಹೋಗಿ ಈಗ ಉಳಿದಿರುವುದು ಐದು. ಸ್ತಂಭವನ್ನೂ 1912ರಲ್ಲಿ ಬೇರೆಡೆಯಿಂದ ಸರಿಸಿ ನಡುವಿಗೆ ತಂದರು.

ಈ ಚೌಕಕ್ಕೆ ಅರ್ಥ ಕೊಟ್ಟದ್ದು, ನನ್ನ ಮಟ್ಟಿಗೆ, ಒಂದು ಪೊಲೀಸ್ ಆಜ್ಞೆ. ಸೇನಾಡಳಿತ ಬಂದು ಒಂದು ವರ್ಷವಾಗಿತ್ತು. ಮಿಲಿಟರಿಯವರು ಎತ್ತಿಕೊಂಡು ಹೋದ ಮಕ್ಕಳ ಸುಳಿವಿಗಾಗಿ ಠಾಣೆ, ಕಚೇರಿ ಅಲೆದು ಸೋತ 14 ಮಹಿಳೆಯರು 1977ರ ಏಪ್ರಿಲ್ 30ರಂದು ಇಲ್ಲಿ ಸೇರಿದರು. ಅಂದು ಶನಿವಾರ, ಚೌಕದಲ್ಲಿ ನೋಡುವವರೇ ಇರಲಿಲ್ಲ. ಮುಂದೆ ದಿನ ಬದಲಾಗಿ ಗುರುವಾರಕ್ಕೆ ನೆಲೆನಿಂತಿತು. ಗುಂಪುಗೂಡುವುದಕ್ಕೆ ನಿಷೇಧವಿತ್ತು. ನಿಲ್ಲಬೇಡಿ, ನಡೆಯಿರಿ ಎಂದರು ಪೊಲೀಸರು. ಸರಿ, ನಡೆದರು: ಜೋಡಿಜೋಡಿಯಾಗಿ, ತೋಳಿಗೆ ತೋಳು ಸೇರಿಸಿ, ಸ್ತಂಭದ ಸುತ್ತ. ಆಜ್ಞೆಯನ್ನು ಅಕ್ಷರಶಃ ಪಾಲಿಸಿಯೇ ಅದರ ಉದ್ದೇಶವನ್ನು ಮಣ್ಣುಪಾಲು ಮಾಡಿದರು.

ಕನ್ನಡದ ಓದುಗರಿಗೆ ಇಲ್ಲಿ ಥಟ್ಟನೆ ಪ್ರದಕ್ಷಿಣೆ ನೆನಪಾಗುತ್ತದೆ. ನನಗೆ ಆ ಹೋಲಿಕೆಯ ಬಗ್ಗೆ ಅನುಮಾನ. ಪ್ರದಕ್ಷಿಣೆಯ ನಡುವೆ ದೇವರಿರುತ್ತಾನೆ. ಈ ತಾಯಂದಿರಿಗೆ ನಡುವಿನ ಸ್ತಂಭದಿಂದ ಏನೂ ಬೇಕಿರಲಿಲ್ಲ. ಅವರು ಕೇಳುತ್ತಿದ್ದದ್ದು ಎದುರಿನ ಗುಲಾಬಿ ಕಟ್ಟಡವನ್ನು. ಅದನ್ನು ಭಕ್ತಿಯೆಂದು ಓದಿದರೆ ಪ್ರಶ್ನೆ ಮೆತ್ತಗಾಗಿಬಿಡುತ್ತದೆ. ನೆಲದ ಮೇಲೆ ಬಿಡಿಸಿರುವ ಬಿಳಿ ತಲೆವಸ್ತ್ರಗಳ ಚಿತ್ರದ ಬಗ್ಗೆಯೂ ನನ್ನದು ಎರಡು ಮನಸ್ಸು. ಆ ತಲೆವಸ್ತ್ರ ಶುರುವಿನಲ್ಲಿ ಮಕ್ಕಳಿಗೆ ಕಟ್ಟುತ್ತಿದ್ದ ಲಂಗೋಟಿಯ ಬಟ್ಟೆ, ಜನಸಂದಣಿಯಲ್ಲಿ ಪರಸ್ಪರ ಗುರುತು ಹಿಡಿಯಲು ತಲೆಗೆ ಕಟ್ಟಿಕೊಂಡದ್ದು. ಅಷ್ಟು ಮನೆಯದಾದ ವಸ್ತು ಲಾಂಛನವಾದ ಮೇಲೆ ಪ್ರವಾಸಿಗರು ಅದರ ಫೋಟೊ ತೆಗೆದುಕೊಂಡು ಮುಂದೆ ಹೋಗಬಹುದು.

ಆದರೂ ಒಂದು ಸಂಗತಿ ನನ್ನ ವಾದಕ್ಕೆ ಅಡ್ಡ ಬರುತ್ತದೆ. ಮೊದಲ ದಿನ ತಾಯಂದಿರನ್ನು ಚೌಕಕ್ಕೆ ಕರೆದವರು ಅಸುಸೆನಾ ವಿಯಾಫ್ಲೋರ್. ಅದೇ ವರ್ಷ ಡಿಸೆಂಬರಿನಲ್ಲಿ ಅವರನ್ನೇ ಅಪಹರಿಸಿ ಕೊಂದರು. 2005ರಲ್ಲಿ ಅವರ ಅಸ್ಥಿಯ ಗುರುತು ಹತ್ತಿತು. ಬೂದಿಯನ್ನು ಸ್ತಂಭದ ಬುಡದಲ್ಲಿ ಹೂಳಿದರು. ಗುರುವಾರದ ನಡಿಗೆ ಈಗ ಅವರ ಸುತ್ತಲೂ ಸಾಗುತ್ತದೆ. ಪ್ರದಕ್ಷಿಣೆಯ ಮಾತನ್ನು ಪೂರ್ತಿ ತಳ್ಳಿಹಾಕಲು ಇಲ್ಲಿ ನನಗೆ ಧೈರ್ಯ ಸಾಲದು.