ಮೋನಿಕಳ ಮನೆವಾರ್ತೆ

ಸಂತರ ಚರಿತ್ರೆಯೆಂದರೆ ಕಾಡು, ಗವಿ, ಉಪವಾಸಗಳನ್ನು ಎದುರುನೋಡುವುದು ನಮಗೆ ರೂಢಿ. ಅತ್ತೆ ಸೊಸೆಯರ ಮಾತು ಅಲ್ಲಿಗೆ ಬರುವುದು ಅಪೂರ್ವ. ಕ್ರಿ. ಶ. 400ರ ಸುಮಾರಿಗೆ ಆಗಸ್ಟೀನನು ಲ್ಯಾಟಿನ್ ಭಾಷೆಯಲ್ಲಿ ರಚಿಸಿದ ‘ಕನ್ಫೆಷನ್ಸ್’ ಎಂಬ ಆತ್ಮನಿವೇದನೆಯ ಒಂಬತ್ತನೆಯ ಭಾಗವು ಈ ರೂಢಿಗೆ ಹೊರತಾದುದು. ತೀರಿಕೊಂಡ ತಾಯಿ ಮೋನಿಕಳನ್ನು ನೆನೆಯುವಾಗ ಮಗನ ಕಣ್ಣಿಗೆ ಕಟ್ಟುವುದು ಉತ್ತರ ಆಫ್ರಿಕದ ತಗಾಸ್ತೆಯೆಂಬ ಸಣ್ಣ ಪಟ್ಟಣದ ಒಂದು ಮನೆ. ಗಂಡ ಪ್ಯಾಟ್ರೀಷಿಯಸನು ಮುಂಗೋಪಿ. ಕಡೆಗಾಲದವರೆಗೆ ಜ್ಞಾನಸ್ನಾನವನ್ನು ಪಡೆದವನಲ್ಲ. ಅತ್ತೆಗೆ ದಾಸಿಯರ ಚಾಡಿಮಾತಿನಲ್ಲಿ ನಂಬಿಕೆ.

ಗಂಡನು ಸಿಟ್ಟಾದಾಗ ಮೋನಿಕಳು ಎದುರಾಡಳು; ಅವನು ತಣ್ಣಗಾದ ಮೇಲೆ ತನ್ನ ನಡತೆಯ ಕಾರಣವನ್ನು ತಿಳಿಸುವಳು. ಇಷ್ಟು ಸರಿಯೆ. ಆದರೆ ಮುಖದ ಮೇಲೆ ಪೆಟ್ಟಿನ ಗುರುತು ಹೊತ್ತು ಬಂದ ಗೆಳತಿಯರು ಗಂಡಂದಿರನ್ನು ದೂರಿದರೆ, ತಪ್ಪು ಅವರ ನಾಲಗೆಯದೇ ಎಂದೂ, ವಿವಾಹಪತ್ರವನ್ನು ಓದಿದಂದೇ ಅವರು ದಾಸಿಯರಾದರೆಂದೂ ಪರಿಹಾಸದ ಧಾಟಿಯಲ್ಲಿ ಬುದ್ಧಿ ಹೇಳುತ್ತಿದ್ದಳಂತೆ. ಇದನ್ನು ಸ್ತ್ರೀಧರ್ಮದ ಮಾದರಿಯೆಂದು ಎತ್ತಿಹಿಡಿದವರುಂಟು. ನಾವು ಒಪ್ಪಲಾರೆವು. ಪೆಟ್ಟು ತಿಂದವಳಲ್ಲಿ ತಪ್ಪು ಹುಡುಕುವುದು ಪಾವಿತ್ರ್ಯವಲ್ಲ. ಮಗನ ಲೇಖನಿಯಾದರೂ ಇಲ್ಲಿ ಒಂದು ಕ್ಷಣ ತಡೆಯಬೇಕಾಗಿತ್ತು. ಅತ್ತೆಯ ಪ್ರಸಂಗದಲ್ಲಿಯೂ ಇಂಥದೇ ಕೊರತೆ. ಸೊಸೆಯ ತಾಳ್ಮೆಗೆ ಸೋತ ಅತ್ತೆಯು ಚಾಡಿಕೋರ ದಾಸಿಯರನ್ನು ತಾನೇ ಮಗನಿಗೆ ತೋರಿಸಿಕೊಟ್ಟಳು. ಅವರಿಗೆ ಚಾವಟಿಯೇಟು ಬಿದ್ದಿತು. ಮನೆಯಲ್ಲಿ ಶಾಂತಿ ನೆಲೆಸಿತು. ಆ ದಾಸಿಯರಿಗೆ ಎಂಥ ಶಾಂತಿಯೋ!

ಮೋನಿಕಳ ನಿಜವಾದ ಹಿರಿಮೆ ಇದರ ಮುಂದಿನ ಪುಟದಲ್ಲಿದೆ. ಜಗಳವಾಡಿದ ಇಬ್ಬರೂ ಬೇರೆಬೇರೆಯಾಗಿ ಬಂದು ಆಕೆಯ ಮುಂದೆ ತಮ್ಮ ಹೊಟ್ಟೆಯ ಕಿಚ್ಚನ್ನೆಲ್ಲ ಕಾರಿಕೊಳ್ಳುವರು. ಒಬ್ಬಳ ಮಾತಿನಲ್ಲಿ ಸಂಧಿಗೆ ಒದಗುವಷ್ಟನ್ನು ಮಾತ್ರ ಆಕೆ ಇನ್ನೊಬ್ಬಳಿಗೆ ಮುಟ್ಟಿಸುವಳು. ಮಿಕ್ಕುದು ಆಕೆಯಲ್ಲಿಯೇ ಅಡಗಿಹೋಗುವುದು. ಆಡದ ಮಾತನ್ನೂ ಸೇರಿಸಿ ಹೇಳುವವರನ್ನು ಲೆಕ್ಕವಿಲ್ಲದಷ್ಟು ಕಂಡಿರದಿದ್ದರೆ ತಾನೂ ಇದನ್ನು ಅಲ್ಪಗುಣವೆಂದೇ ಎಣಿಸುತ್ತಿದ್ದೆನೆಂದು ಆಗಸ್ಟೀನನು ಒಪ್ಪಿಕೊಳ್ಳುತ್ತಾನೆ. ತುಂಬಿದ ಮನೆಯಲ್ಲಿ ಬಾಳಿದ ನಮ್ಮ ವಾಚಕರಿಗೆ ಈ ಗುಣದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಡನ ಮುಂದಿನ ಮೌನದಲ್ಲಿ ಅಂಜಿಕೆಯ ಪಾಲು ಎಷ್ಟೋ ಬಲ್ಲವರಾರು? ಈ ಮೌನದಲ್ಲಿ ಅಂಜಿಕೆಯಿಲ್ಲ.

ಹೀಗೆಂದು ಆಕೆ ಕೋಪತಾಪಗಳನ್ನು ಮೀರಿದವಳೇನೂ ಅಲ್ಲ. ಮಗನು ಮಾನಿಯ ಮತವನ್ನು ಹಿಡಿದಾಗ ತನ್ನ ಮನೆಯ ಊಟಕ್ಕೆ ಅವನನ್ನು ಸೇರಿಸಲಿಲ್ಲ. ಒಂದು ಶುಭಸ್ವಪ್ನವನ್ನು ಕಂಡ ಬಳಿಕವೇ ಪುನಃ ಕರೆದುಕೊಂಡಳು. ಆ ಸ್ವಪ್ನಕ್ಕೆ ಮಗನು ತನಗೆ ಅನುಕೂಲವಾದ ಅರ್ಥ ಕಟ್ಟಿದೊಡನೆ ತಡವರಿಸದೆ ತಿದ್ದಿದಳು. 383ರಲ್ಲಿ ಮಗನು ಕಾರ್ಥೇಜಿನಿಂದ ರೋಮಿಗೆ ಹೊರಟಾಗ ಸೆರಗು ಬಿಡದೆ ರೇವಿನವರೆಗೂ ಹಿಂಬಾಲಿಸಿದಳು. ಅವನು ಗೆಳೆಯನನ್ನು ಬೀಳ್ಕೊಡಬೇಕೆಂದು ಸುಳ್ಳು ಹೇಳಿ, ಹುತಾತ್ಮನಾದ ಸಿಪ್ರಿಯನನ ಸ್ಮಾರಕಮಂದಿರದಲ್ಲಿ ತಾಯಿ ಅಳುತ್ತ ಪ್ರಾರ್ಥಿಸುತ್ತಿದ್ದ ರಾತ್ರಿಯಲ್ಲಿಯೇ ಹಡಗು ಹತ್ತಿದನು. ಐದನೆಯ ಭಾಗದ ಈ ಪುಟಗಳು ಒಂಬತ್ತನೆಯ ಭಾಗದ ಸ್ತುತಿಗಿಂತ ಮೇಲೆಂದು ನಮಗೆ ತೋರುತ್ತದೆ. ತನ್ನ ಸುಳ್ಳನ್ನು ಮುಚ್ಚಿಡದ ಆಗಸ್ಟೀನನು, ತಾಯಿಯ ಕಣ್ಣೀರಿನಲ್ಲಿ ಮೋಹವೂ ಬೆರೆತಿತ್ತೆಂಬುದನ್ನು ಮುಚ್ಚಿಡಲಿಲ್ಲ.

387ರಲ್ಲಿ, ತನ್ನ ಐವತ್ತಾರನೆಯ ವಯಸ್ಸಿನಲ್ಲಿ, ರೋಮಿನ ಬಳಿಯ ಓಸ್ತಿಯಾ ರೇವಿನಲ್ಲಿ ಮೋನಿಕಳು ತೀರಿಕೊಂಡಳು. ಕಡೆಯ ಬೇನೆಯಲ್ಲಿ ಮಗನ ಉಪಚಾರವನ್ನು ಕೊಂಡಾಡಿ, ಅವನ ಬಾಯಿಂದ ಒಂದು ಬಿರುಸುಮಾತನ್ನಾದರೂ ತಾನು ಕೇಳಲಿಲ್ಲವೆಂದಳಂತೆ. ಕಾರ್ಥೇಜಿನ ರಾತ್ರಿಯನ್ನು ಆಕೆ ಮರೆತಿದ್ದಳೆ, ಅಥವಾ ಯಾರಿಗೂ ಮುಟ್ಟಿಸದೆ ತನ್ನಲ್ಲಿ ಉಳಿಸಿಕೊಂಡ ಮಾತುಗಳ ಜೊತೆಗೆ ಅದನ್ನೂ ಇಟ್ಟುಕೊಂಡಳೆ, ಆಗಸ್ಟೀನನು ಹೇಳುವುದಿಲ್ಲ.